ಮುಂದಿಟ್ಟ ಮಾತು

ಚಿಂಗೊಂಬೆ ಹಳ್ಳಿ, ದೆಡ್ಜಾ
2 ಜೂನ್ 1985

ಅಣ್ಣ ಬಿಜಿವೆಕಿಗೆ,

ನಾವು ಚೆನ್ನಾಗಿದ್ದೀವಿ, ನೀನು ಹೆಂಗಿದ್ದೀಯೋ. ಮೆಕ್ಕೆಜೋಳ ಕಣಜ ಸೇರ್ತು. ಚಳಿ ಶುರುವಾಗಿದೆ. ನೀನು ಹೋದ ಸಲ ತಂದುಕೊಟ್ಟ ಕೋಟನ್ನ ಇವರು ಆಲೂಗಡ್ಡೆ ಅಗೆಯೋಕೂ ಹಾಕ್ಕೊಂಡು ಹೋಗ್ತಾರೆ, ಹೇಳಿದ್ರೆ ಕೇಳಲ್ಲ. ಕರಿ ಮೇಕೆ ಎರಡು ಮರಿ ಹಾಕಿದೆ, ಎರಡೂ ಹೆಣ್ಣು.

ಎನಿಫಾಗೆ ಮುಂದಿನ ತಿಂಗಳು ಎಂಟನೇ ಕ್ಲಾಸಿನ ಪರೀಕ್ಷೆ. ಕಚಾಲೆ ಮೇಷ್ಟ್ರು ಮನೆ ತನಕ ಬಂದಿದ್ರು. ಇವಳು ಪಾಸಾಗೋದು ಖಂಡಿತ, ಬೆಟ್ಟದಾಚೆ ಮಿಷನ್ನಿನ ಹೆಣ್ಮಕ್ಕಳ ಹೈಸ್ಕೂಲಿಗೆ ಹೆಸರು ಬಂದ್ರೂ ಬರಬಹುದು, ಅಲ್ಲೇ ನಾಲ್ಕು ವರ್ಷ ಉಳ್ಕೋಬೇಕಾಗತ್ತೆ, ನೀವು ಏನಂತೀರಿ ಅಂದ್ರು. ಮನೆ ಯಜಮಾನ ನಮ್ಮಣ್ಣ, ಅವನು ಗಣೀಲಿದಾನೆ ಅಂದೆ.

ಈ ಮಾತು ನಿನ್ನ ಮುಂದೆ ಇಟ್ಟಿದೀನಿ. ಅಷ್ಟೇ.

ನಿನ್ನ ತಂಗಿ
ಫಲೇಸಿ

ಈ ಗೆರೆಯಿಂದ ಕೆಳಗೆ ಇರುವುದು ನಿಮಗೆ, ಅಂದರೆ ಮಾವನಿಗೆ ಪತ್ರ ಓದಿ ಹೇಳುವವರಿಗೆ. ಇದನ್ನು ಜೋರಾಗಿ ಓದಬೇಡಿ. ನಾನು ಎನಿಫಾ, ಮೇಲಿನ ಪತ್ರದಲ್ಲಿ ಪರೀಕ್ಷೆಗೆ ಕೂರುವವಳೂ ನಾನೇ, ಅಮ್ಮ ಹೇಳಿದ್ದನ್ನು ಬರೆದವಳೂ ನಾನೇ. ಅಮ್ಮನಿಗೆ ಓದು ಬರುವುದಿಲ್ಲ, ಮಾವನಿಗೂ ಬರುವುದಿಲ್ಲ. ಅವರಿಬ್ಬರ ಮಾತು ನಮ್ಮಿಬ್ಬರ ಕೈಯಿಂದಲೇ ಹೋಗಿಬರಬೇಕು. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಹೃದಯಕ್ಕೆ ನಾಲ್ಕು ಕೋಣೆ ಎಂದಿದೆ, ಮೂರನೇ ಕೋಣೆ ಆದಮೇಲೆ ಪುಟ ಹರಿದುಹೋಗಿದೆ. ಮೇಷ್ಟ್ರನ್ನು ಕೇಳಿದರೆ, ಅದು ಹೈಸ್ಕೂಲಿನಲ್ಲಿ ಸಿಗುತ್ತದೆ ಹೋಗು ಎಂದರು. ನನಗೆ ಹೋಗಬೇಕು. ದಯವಿಟ್ಟು ಪತ್ರ ಓದುವಾಗ ಕಡೆಯ ಸಾಲನ್ನು ನಿಧಾನವಾಗಿ ಓದಿ.

ಎನಿಫಾ


ಗಣಿ ಕೆಲಸಗಾರರ ಮೂರನೇ ನಂಬರಿನ ವಸತಿ, ವೆಲ್ಕಮ್ ಊರು
27 ಜೂನ್ 1985

ತಂಗಿ ಫಲೇಸಿಗೆ,

ನಾನು ಚೆನ್ನಾಗಿದ್ದೀನಿ, ನೀವು ಹೆಂಗಿದ್ದೀರೋ. ಮಾತು ಕೇಳಿಸ್ಕೊಂಡೆ. ಮಳೆಗೆ ಮುಂಚೆ ಸೂರಿಗೆ ಹೊಸ ಹುಲ್ಲು ಹೊದಿಸಿ. ಮರಿ ಎರಡೂ ಹೆಣ್ಣಾದ್ರೆ ಮಾರಬೇಡಿ. ಕೋಟು ಹರಿದ್ರೆ ಹರೀಲಿ, ಭಾವ ಮೈ ಬೆಚ್ಚಗಿಟ್ಕೊಳ್ಳಲಿ.

ನಿನ್ನ ಅಣ್ಣ
ಬಿಜಿವೆಕಿ

ಗೆರೆಯ ಕೆಳಗಿನವಳೇ, ನಾನು ಫೈಸನ್ ಗೊಂಡ್ವೆ. ನಮ್ಮ ಕೋಣೆಯಲ್ಲಿ ಹದಿನೆಂಟು ಜನ ಇದ್ದೇವೆ, ಬರೆಯಲು ಬರುವವನು ನಾನೊಬ್ಬ. ಹತ್ತನೇ ತರಗತಿಯವರೆಗೆ ಓದಿ, ಸದ್ಯಕ್ಕೆ ನೆಲದ ಕೆಳಗೆ ಕಲ್ಲು ತುಂಬುತ್ತೇನೆ. ಮೇಲೆ ಬಂದಮೇಲೆ ಹದಿನೇಳು ಜನರ ಬಾಯಿ ನಾನೇ. ನಿನ್ನ ಕಡೆಯ ಸಾಲನ್ನು ನಿಧಾನವಾಗಿಯೇ ಓದಿದೆ. ನಿನ್ನ ಮಾವ, ಇನ್ನೊಂದು ಸಲ, ಎಂದ. ನಾಲ್ಕು ಸಲ ಓದಿಸಿದ. ಆಮೇಲೆ ಬರೆಸಿದ್ದು ಮಾತ್ರ ಮೇಲಿನ ಅಷ್ಟೇ ಸಾಲು.

ನಾನು ಉತ್ತರದ ಬೆಟ್ಟದವನು, ನಿಮ್ಮ ಕಡೆಯ ರೀತಿ ನನಗೆ ತಿಳಿಯದು. ನಮ್ಮಲ್ಲಿ ಅಪ್ಪ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ, ಅರ್ಧ ಗಂಟೆಯಲ್ಲಿ ಮುಗಿಯಿತು. ನಿಮ್ಮಮ್ಮ ಇದನ್ನು ನೇರವಾಗಿ ಯಾಕೆ ಕೇಳಲಿಲ್ಲ? ನಿಮ್ಮಪ್ಪ ಎಲ್ಲಿ? ಕೋಟು ಹಾಕಿಕೊಂಡು ಆಲೂಗಡ್ಡೆ ಅಗೆಯುವುದಷ್ಟೇ ಅವರ ಕೆಲಸವೇ? ತಮಾಷೆಗೆ ಕೇಳಿದೆ, ಬೇಸರ ಮಾಡಿಕೊಳ್ಳಬೇಡ.

ಫೈಸನ್


ಚಿಂಗೊಂಬೆ
11 ಆಗಸ್ಟ್ 1985

ಅಣ್ಣ ಬಿಜಿವೆಕಿಗೆ,

ನಾವು ಚೆನ್ನಾಗಿದ್ದೀವಿ, ನೀನು ಹೆಂಗಿದ್ದೀಯೋ. ಸೂರಿನ ಹುಲ್ಲು ಆಯ್ತು. ಎನಿಫಾ ಪಾಸಾದ್ಲು. ನಮ್ಮ ಶಾಲೆಯಿಂದ ಇಬ್ಬರ ಹೆಸರು ಬಂದಿದೆ, ಹುಡುಗಿ ಅಂದ್ರೆ ಇವಳೊಬ್ಬಳೇ. ಒಂದು ಫಾರಂ ಕೊಟ್ಟಿದಾರೆ. ಮನೆ ಯಜಮಾನರ ಒಪ್ಪಿಗೆ ಇದೆ ಅಂತ ಬರೆದು ಅಕ್ಟೋಬರ್ ಮುಗಿಯೋದ್ರೊಳಗೆ ಕೊಡಬೇಕಂತೆ. ಇಲ್ಲಾಂದ್ರೆ ಜಾಗ ಬೇರೆಯವರಿಗೆ ಹೋಗತ್ತಂತೆ. ಫಾರಂನ ಹಿಟ್ಟಿನ ಡಬ್ಬದ ಕೆಳಗೆ ಇಟ್ಟಿದೀನಿ.

ಮಾತು ನಿನ್ನ ಮುಂದೆ ಇದೆ.

ನಿನ್ನ ತಂಗಿ
ಫಲೇಸಿ

ಫೈಸನ್ ಅಣ್ಣ, ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಅಪ್ಪನಿಗೆ ಓದಿ ಹೇಳಿದ್ದರೆ ಅವರೂ ನಗುತ್ತಿದ್ದರು. ನಮ್ಮಲ್ಲಿ ಮಕ್ಕಳು ಅಮ್ಮನ ಮನೆತನದವರು. ಅಪ್ಪ ಇಲ್ಲಿಗೆ ಮನೆಯಳಿಯನಾಗಿ ಬಂದವರು. ಎರವಲು ತಂದ ಹುಂಜ ಎನ್ನುತ್ತಾರೆ ನಮ್ಮೂರಲ್ಲಿ; ಕೂಗಬಹುದು, ಆದರೆ ಮರಿಗಳ ವಿಷಯದಲ್ಲಿ ತಲೆ ಹಾಕುವಂತಿಲ್ಲ. ನನ್ನ ವಿಷಯ ತೀರ್ಮಾನ ಮಾಡಬೇಕಾದವರು ಮಾವ ಒಬ್ಬರೇ.

ಅಮ್ಮ ಯಾಕೆ ನೇರ ಕೇಳುವುದಿಲ್ಲ ಎಂದಿರಿ. ದೊಡ್ಡವರನ್ನು ಹಾಗೆ ಕೇಳಬಾರದು. ಕೇಳಿಬಿಟ್ಟರೆ ಅವರು ಇಲ್ಲ ಎನ್ನುವ ದಾರಿಯನ್ನು ಮುಚ್ಚಿದಂತೆ, ಅದು ಕತ್ತು ಹಿಡಿದು ಹೂಂ ಅನ್ನಿಸುವುದೇ ಸರಿ. ಅದಕ್ಕೇ ಮಾತನ್ನು ಮುಂದಿಟ್ಟು ಸುಮ್ಮನಿರಬೇಕು. ದೊಡ್ಡವರೂ ಥಟ್ಟನೆ ಹೂಂ ಎನ್ನಬಾರದು. ಹಾಗೆಂದರೆ ಮನೆಯ ಹೆಂಗಸರ ಮನಸ್ಸು ತಿಳಿಯುವ ಮೊದಲೇ ಅವರ ಮಗಳನ್ನು ಕಳಿಸಿಬಿಟ್ಟಂತೆ. ಇದು ಕೇಳಲು ಹುಚ್ಚು ಎನ್ನಿಸಬಹುದು, ಆದರೆ ಊರಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಅಣ್ಣ ತಂಗಿ ಎದುರು ಬದುರು ಕೂತು ಜೋಳ ಬಿಡಿಸುತ್ತಾರೆ, ಮೇಕೆಯ ಬಗ್ಗೆ ಮಾತಾಡುತ್ತಾರೆ, ಮಧ್ಯೆ ಮಧ್ಯೆ ಮುಖ ನೋಡಿಕೊಳ್ಳುತ್ತಾರೆ, ಬುಟ್ಟಿ ತುಂಬುವ ಹೊತ್ತಿಗೆ ಯಾರೂ ಏನೂ ಹೇಳದೆ ಎಲ್ಲ ಇತ್ಯರ್ಥವಾಗಿರುತ್ತದೆ. ನನ್ನ ಚಿಕ್ಕಮ್ಮನ ಮದುವೆ ನಿಶ್ಚಯವಾದದ್ದನ್ನು ನಾನೇ ಹಾಗೆ ನೋಡಿದ್ದೇನೆ. ಪತ್ರದಲ್ಲಿ ಮುಖ ಬರುವುದಿಲ್ಲ, ಅದೇ ತೊಂದರೆ.

ಅಮ್ಮನಿಗೆ ಕಳಿಸಲು ಮನಸ್ಸಿದೆಯೋ ಇಲ್ಲವೋ ನನಗೆ ಬಾಯಿಬಿಟ್ಟು ಹೇಳಿಲ್ಲ. ಆದರೆ ಮೊನ್ನೆ ನಾನು ಮಲಗಿದ್ದೇನೆ ಎಂದುಕೊಂಡು ನಾರಿನಿಂದ ನನ್ನ ಪಾದದ ಅಳತೆ ತೆಗೆದಳು. ಹೈಸ್ಕೂಲಿಗೆ ಬೂಟು ಬೇಕು. ಮಾವ ಪತ್ರ ಬರೆಸದೆ ಇರುವಾಗ ಏನು ಹೇಳುತ್ತಾರೆ, ಬರೆದು ತಿಳಿಸಿ.

ಎನಿಫಾ


ವೆಲ್ಕಮ್
1 ಸೆಪ್ಟೆಂಬರ್ 1985

ತಂಗಿ ಫಲೇಸಿಗೆ,

ನಾನು ಚೆನ್ನಾಗಿದ್ದೀನಿ, ನೀವು ಹೆಂಗಿದ್ದೀರೋ. ಮಗು ಪಾಸಾಗಿದ್ದು ಕೇಳಿ ಸಂತೋಷವಾಯ್ತು. ಮಾತು ನನ್ನ ಮುಂದೆ ಇದೆ, ಎಲ್ಲೂ ಹೋಗಲ್ಲ. ಹಿಟ್ಟಿನ ಡಬ್ಬದ ಕೆಳಗೆ ಇಲಿ ಬರತ್ತೆ, ಕಾಗದಾನ ಮೇಲೆ ಕಟ್ಟಿ.

ನಿನ್ನ ಅಣ್ಣ
ಬಿಜಿವೆಕಿ

ಎನಿಫಾ, ನಾನು ಆರು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಹೇಳದ ಮಾತನ್ನು ಬರೆದಿಲ್ಲ, ಬರೆದ ಮಾತನ್ನು ಇನ್ನೊಬ್ಬರಿಗೆ ಹೇಳಿಲ್ಲ. ಇವತ್ತು ನಿನಗೋಸ್ಕರ ಒಂದು ಹೇಳುತ್ತೇನೆ. ಯಾರಿಗೂ ಹೇಳಬೇಡ.

ನೀನು ಪಾಸಾದ ಸುದ್ದಿ ಓದಿದ ಮೇಲೆ ನಿನ್ನ ಮಾವ ಗಂಟು ಬಿಚ್ಚಿ ದುಡ್ಡು ಎಣಿಸಿದ. ಭಾನುವಾರ ಪೇಟೆಗೆ ಹೋಗಿ ಒಂದು ಹಸಿರು ಬಣ್ಣದ ತಗಡಿನ ಪೆಟ್ಟಿಗೆ ತಂದ. ಯಾರಿಗೋ ಅಂದರೆ, ನಮ್ಮ ತಂಗಿ ಮಗಳು ಹೈಸ್ಕೂಲು ಸೇರ್ತಾಳೆ ಕಣ್ರೋ, ನಮ್ಮ ಮನೆತನದಲ್ಲಿ ಇವಳೇ ಮೊದಲು, ಇನ್ನು ಮೇಲೆ ಗೊಂಡ್ವೆ ಬಾಯಿಗೆ ಕೆಲಸ ಇಲ್ಲ, ಎಂದು ನನ್ನ ಬೆನ್ನಿಗೆ ಗುದ್ದಿದ. ಪೆಟ್ಟಿಗೆ ಈಗ ಅವನ ಮಂಚದ ಕೆಳಗಿದೆ. ಇವತ್ತು ಬರೆಸುವಾಗ, ಇದನ್ನು ಬರೀಲಾ ಎಂದು ನಾನೇ ಕೇಳಿದೆ. ಮುಖ ಸಿಂಡರಿಸಿದ. "ತಂಗಿ ಇನ್ನೂ ತನಗೆ ಏನು ಬೇಕು ಅಂತ ಅಂದಿಲ್ಲ. ಮಗಳನ್ನ ಬಿಟ್ಟಿರೋಕೆ ಅವಳಿಗೆ ಮನಸ್ಸಿದೆಯೋ ಇಲ್ವೋ. ನಾನು ಮುಂದೆ ಬಿದ್ದು ಕಳ್ಸಿ ಅಂದ್ರೆ ಯಜಮಾನಿಕೆ ಮಾಡಿದ ಹಾಗಾಗತ್ತೆ," ಎಂದ.

ಅವಳು ಇವನ ಮಾತಿಗೆ ಕಾಯುತ್ತಿದ್ದಾಳೆ, ಇವನು ಅವಳ ಮಾತಿಗೆ ಕಾಯುತ್ತಿದ್ದಾನೆ. ನಡುವೆ ಅಂಚೆಯ ಚೀಲಕ್ಕೆ ಎರಡು ಮೂರು ವಾರ. ನನಗೆ ಇದನ್ನು ನೋಡಿ ತಲೆ ಕೆಟ್ಟಿದೆ. ನನ್ನ ಅಕ್ಕ ಓದಿ ನರ್ಸಾದಳು. ಅವಳಿರುವ ಊರಲ್ಲಿ ಹೆರಿಗೆ ಎಂದರೆ ಈಗ ಜನ ಶವದ ಬಟ್ಟೆ ಎತ್ತಿಡುವುದಿಲ್ಲ. ಒಬ್ಬಳು ಹುಡುಗಿ ಶಾಲೆಗೆ ಹೋದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಹೇಗಾದರೂ ಮಾಡಿ ನಿಮ್ಮಮ್ಮನ ಬಾಯಿಂದ ಒಂದು ಸಾಲು ಹೊರಡಿಸು. ಕಳಿಸೋಣವಾ ಅಣ್ಣ, ಇಷ್ಟು ಸಾಕು.

ಫೈಸನ್


ಚಿಂಗೊಂಬೆ
22 ಸೆಪ್ಟೆಂಬರ್ 1985

ಫೈಸನ್ ಅಣ್ಣನಿಗೆ,

ಇದು ಅಮ್ಮನ ಪತ್ರವಲ್ಲ. ಮೇಷ್ಟ್ರ ಲಕೋಟೆಯಲ್ಲಿ ಕದ್ದು ಕಳಿಸುತ್ತಿದ್ದೇನೆ. ನಾನು ಕೆಡಿಸಿಬಿಟ್ಟೆ.

ನೀವು ಯಾರಿಗೂ ಹೇಳಬೇಡ ಎಂದಿರಿ. ಎರಡು ದಿನ ಇಟ್ಟುಕೊಂಡೆ, ಮೂರನೇ ದಿನ ಆಗಲಿಲ್ಲ. ಅಮ್ಮ ಬೀನ್ಸ್ ಸೋಸುತ್ತಿದ್ದಳು. ಮಾವ ಪೆಟ್ಟಿಗೆ ಕೊಂಡಿದ್ದಾರಂತೆ, ನೀನು ಕಳಿಸೋಣ ಅಂತ ಒಂದು ಮಾತು ಅಂದರೆ ಸಾಕಂತೆ ಅಂದೆ. ಅವಳ ಮುಖ ಒಂದು ಕ್ಷಣ ಅರಳಿತು. ನಾನು ನೋಡಿದೆ, ಅದು ಸುಳ್ಳಲ್ಲ. ಆಮೇಲೆ ಮೊರ ಕೆಳಗಿಟ್ಟಳು.

"ಯಾರು ಹೇಳಿದ್ದು?"

"ಪತ್ರದಲ್ಲಿತ್ತು."

"ನೀನು ಓದಿ ಹೇಳಿದಾಗ ಇರಲಿಲ್ವಲ್ಲ."

"ಕೆಳಗಡೆ ಇತ್ತು, ಬರೆಯೋರು ನನಗೆ ಅಂತ ಬರೆದಿದ್ರು."

"ಅಂದ್ರೆ ನನ್ನ ಪತ್ರದ ಕೆಳಗೆ ನೀನೂ ಬರೀತಿದ್ದೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಕುರುಡಿ ಅಂತ ನಿನ್ನ ಕೈ ಹಿಡ್ಕೊಂಡು ನಡೆದೆ," ಎಂದಳು. "ನೀನು ನನ್ನನ್ನ ಎಲ್ಲೆಲ್ಲೋ ತಿರುಗಿಸ್ಕೊಂಡು ಬಂದಿದೀಯ. ನಮ್ಮಣ್ಣ ಏನು ಅಂದ, ಏನು ಅಂದಿಲ್ಲ, ಇನ್ನು ನನಗೆ ಹೆಂಗೆ ಗೊತ್ತಾಗತ್ತೆ?" ಅಂದಿನಿಂದ ನನ್ನ ಕೈಯಲ್ಲಿ ಪತ್ರ ಬರೆಸಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದರೆ ಮನೆಯ ಮಾತು ಊರಿಗೆಲ್ಲ ಹೋಗುತ್ತದೆ ಎಂದು ಅದನ್ನೂ ಮಾಡಿಲ್ಲ. ಅಣ್ಣ ಊರಿಗೆ ಬಂದಾಗ ಮುಖ ನೋಡಿಯೇ ಮಾತಾಡುತ್ತೇನೆ ಎನ್ನುತ್ತಾಳೆ. ಮಾವನ ರಜೆ ಇರುವುದು ಮುಂದಿನ ವರ್ಷದ ಈಸ್ಟರಿಗೆ.

ಅಪ್ಪನ ಕಥೆ ಕೇಳಿ. ಕಳೆದ ಶುಕ್ರವಾರ ಅಮ್ಮ ಹೊಲದಲ್ಲಿದ್ದಾಗ ಫಾರಂ ತೆಗೆದುಕೊಂಡು, ಕೋಟು ಹಾಕಿಕೊಂಡು, ಮೇಷ್ಟ್ರ ಹತ್ತಿರ ಹೋಗಿ ತಾವೇ ರುಜು ಹಾಕಿದರು. ತಮ್ಮ ಹೆಸರನ್ನು ವೈಲೋಸಿ ಎಂದು ದಪ್ಪ ಅಕ್ಷರದಲ್ಲಿ, ನಾನೇ ಕಲಿಸಿದ್ದು. ಸರ್ಕಾರಕ್ಕೆ ಅಷ್ಟು ಸಾಕಂತೆ. ಆದರೆ ಸಂಜೆಯೊಳಗೆ ಸುದ್ದಿ ಅಮ್ಮನ ದೊಡ್ಡಮ್ಮನಿಗೆ ಮುಟ್ಟಿತು. ಶನಿವಾರ ಊರ ಹಿರಿಯರ ಮುಂದೆ ಅಪ್ಪನನ್ನು ಕೂರಿಸಿದರು.

"ಏನಪ್ಪಾ ಅಳಿಯ, ಈ ಮಗು ನಿಮ್ಮ ತಾಯಿ ಮನೇದಾ?" ಎಂದಳು ದೊಡ್ಡಮ್ಮ.

"ಅಲ್ಲ."

"ಮತ್ತೆ ಯಾರ ಮನೆ ಬೇಲಿ ಹಾರಿದೆ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಹುಂಜ ಮಾಡಿದ ತಪ್ಪಿಗೆ ಒಂದು ಹೇಂಟೆಯನ್ನು ದಂಡ ಹಾಕಿದರು. ಅಪ್ಪ ಮೇಷ್ಟ್ರ ಹತ್ತಿರ ಹೋಗಿ ತಮ್ಮ ಹೆಸರಿನ ಮೇಲೆ ತಾವೇ ಗೆರೆ ಎಳೆದು ಬಂದರು. ಮನೆಗೆ ಬಂದು ಕೋಟನ್ನು ಮೊಳೆಗೆ ನೇತುಹಾಕಿದವರು ಇನ್ನೂ ತೆಗೆದಿಲ್ಲ. "ನಾನು ಕೂಗಿ ನೋಡಿದೆ ಮಗಾ," ಎಂದರು ನನಗೆ. ನನಗೆ ಅಳು ತಡೆಯಲಾಗಲಿಲ್ಲ.

ಇನ್ನೊಂದು ವಿಷಯ. ಆಲೂಗಡ್ಡೆ ಲಾರಿ ಓಡಿಸುವ ಮಸೌಟ್ಸೊ ಇದ್ದಾನೆ. ಅವನ ಅಮ್ಮ ಎರಡು ಸಲ ನಮ್ಮ ಅಂಗಳಕ್ಕೆ ಬಂದು, ಸುಮ್ನೆ ಬಂದೆ, ಎಂದು ಕೂತು ಹೋದಳು. ಸುಮ್ಮನೆ ಬರುವುದು ಎಂದರೆ ಏನೆಂದು ನಿಮಗೆ ಈಗ ಅರ್ಥವಾಗಿರಬೇಕು. ಹೈಸ್ಕೂಲು ತಪ್ಪಿದರೆ ಮುಂದಿನ ಕೊಯ್ಲಿನೊಳಗೆ ನಾನು ಅವನ ಹೆಂಡತಿಯಾಗಿ ಒರಳಿನ ಮುಂದೆ ನಿಂತಿರುತ್ತೇನೆ. ನನಗೆ ಹದಿನಾಲ್ಕು.

ಅದಕ್ಕೇ ಕೇಳುತ್ತೇನೆ. ಮಾವನ ಹೆಸರಿನಲ್ಲಿ ನೀವೇ ಒಂದು ಪತ್ರ ಬರೆಯಿರಿ. ಎನಿಫಾಳನ್ನು ಕಳಿಸು ಎಂದು ಒಂದೇ ಸಾಲು. ಅವರ ಮನಸ್ಸಿನಲ್ಲಿ ಇರುವುದೂ ಅದೇ ತಾನೇ? ಸುಳ್ಳು ಹೇಗಾಗುತ್ತದೆ? ಮೇಷ್ಟ್ರು ಓದಿ ಹೇಳಲಿ, ಅಮ್ಮ ಅವರನ್ನು ನಂಬುತ್ತಾಳೆ. ಈ ಪತ್ರ ತಲುಪಿದ ದಿನವೇ ಬರೆದರೆ ಅಕ್ಟೋಬರ್ ಕೊನೆಗೆ ಬಂದುಬಿಡುತ್ತದೆ. ನಾನು ದಿನ ಎಣಿಸಿದ್ದೇನೆ.

ಎನಿಫಾ


ವೆಲ್ಕಮ್
13 ಅಕ್ಟೋಬರ್ 1985

ಎನಿಫಾ,

ನಿನ್ನ ಪತ್ರ ನಿನ್ನೆ ಬಂತು. ರಾತ್ರಿ ಪಾಳಿಗೆ ಇಳಿಯುವ ಮುಂಚೆ ಕಾಗದ ತೆಗೆದು, ತಂಗಿ ಫಲೇಸಿಗೆ, ಎಂದು ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ಕಾರಣ ಹೇಳುತ್ತೇನೆ, ಕೋಪ ಬಂದರೆ ಬರಲಿ.

ನಾಲ್ಕು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಕಸುಂಗು ಕಡೆಯವನೊಬ್ಬನಿದ್ದ. ಅವನ ಮಗು ತೀರಿಹೋಯಿತೆಂದು ಪತ್ರ ಬಂತು. ಅವನು ಎದುರಿಗೆ ಕೂತು, ಓದು ಓದು, ಎನ್ನುತ್ತಿದ್ದ. ನನ್ನ ಬಾಯಿಂದ ಹೊರಡಲಿಲ್ಲ. ಮಗು ಹುಷಾರಾಗಿದೆಯಂತೆ, ಎಂದು ಓದಿಬಿಟ್ಟೆ. ನಾಳೆ ಹೇಳೋಣ ಎಂದುಕೊಂಡೆ, ಆ ನಾಳೆ ಬರಲೇ ಇಲ್ಲ. ಅವನು ಒಂದು ಕೆಂಪು ಸ್ವೆಟರು ಕೊಂಡು ಊರಿಗೆ ಹೋದ. ತಿರುಗಿ ಬಂದ. ಸ್ವೆಟರನ್ನು ತಂದು ನನ್ನ ಹಾಸಿಗೆಯ ಮೇಲೆ ಇಟ್ಟು ಬೇರೆ ಕೋಣೆಗೆ ಹೋದ. ಒಳ್ಳೆಯದಕ್ಕೇ ಹೇಳಿದ ಸುಳ್ಳು ಅದು. ಅಂದಿನಿಂದ ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ.

ಬರೆಯಲಾಗದಿದ್ದರೆ ಬಾಯಲ್ಲಾದರೂ ಹೇಳೋಣ ಎಂದು ನಿನ್ನ ಮಾವನ ಹತ್ತಿರ ಹೋದೆ. ಎಲ್ಲ ಹೇಳಿದೆ, ಗೆರೆಯ ಕೆಳಗಿನದನ್ನೂ ಹೇಳಿದೆ. ತಂಗಿ ನಿನ್ನ ಮಾತಿಗೇ ಕಾಯ್ತಿದಾಳೆ ಮಾರಾಯ, ಹೂಂ ಅನ್ನು, ಇವತ್ತೇ ತಂತಿ ಕೊಡ್ತೀನಿ ಎಂದೆ. ಅವನು ಎದ್ದು ನಿಂತ.

"ನನ್ನ ತಂಗಿ ಮನಸ್ಸಿನಲ್ಲಿ ಏನಿದೆ ಅಂತ ನೀನು ನನಗೆ ಹೇಳಬೇಕಾ, ಗೊಂಡ್ವೆ?"

"ಬೇರೆ ಯಾರು ಹೇಳ್ತಾರೆ? ನೀವಿಬ್ರಂತೂ ಹೇಳ್ಕೊಳ್ಳಲ್ಲ."

"ಮಡಕೆ ನೀರು ಹೊರಬೇಕು. ಕುಡೀಬಾರದು."

ಇಷ್ಟು ಹೇಳಿ ಹೊರಗೆ ಹೋದ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಸುಳ್ಳು ಬರೆದರೂ ಕೆಟ್ಟವನು, ನಿಜ ಹೇಳಿದರೂ ಕೆಟ್ಟವನು. ಇಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ನೋಡಿದರೆ ಅವನ ಮಂಚದ ಕೆಳಗೆ ಪೆಟ್ಟಿಗೆ ಇಲ್ಲ. ಗುತ್ತಿಗೆ ಮುಗಿಸಿ ಊರಿಗೆ ಹೊರಡುವ ಒಬ್ಬನ ಕೈಯಲ್ಲಿ ಕೊಟ್ಟು ಕಳಿಸಿದನಂತೆ. ಜೊತೆಗೆ ಪತ್ರ ಇಟ್ಟಿಲ್ಲ. ಇನ್ನು ಅವನು ನನ್ನ ಕೈಯಲ್ಲಿ ಬರೆಸುವುದಿಲ್ಲ ಎಂದೇ ಕಾಣುತ್ತದೆ.

ಪೆಟ್ಟಿಗೆ ಈ ಪತ್ರಕ್ಕಿಂತ ಮೊದಲು ತಲುಪಲಿ. ಅದು ಬಿಟ್ಟು ನನ್ನ ಕೈಯಲ್ಲಿ ಏನೂ ಇಲ್ಲ. ನನ್ನನ್ನು ಕ್ಷಮಿಸು.

ಫೈಸನ್


ಚಿಂಗೊಂಬೆ
10 ನವೆಂಬರ್ 1985

ಫೈಸನ್ ಅಣ್ಣನಿಗೆ,

ನಿಮ್ಮ ಪತ್ರ ಮೊನ್ನೆ ಬಂತು. ಪೆಟ್ಟಿಗೆ ಅದಕ್ಕಿಂತ ಒಂದು ವಾರ ಮೊದಲೇ ಬಂದಿತ್ತು. ಒಬ್ಬ ಬಸ್ಸಿನಿಂದ ಇಳಿದು, ಫಲೇಸಿ ಮನೆ ಯಾವುದು ಎಂದು ಕೇಳಿಕೊಂಡು ಬಂದ. ಒಳಗೆ ಕಂಬಳಿ, ಎರಡು ಸೋಪು, ಒಂದು ಜೊತೆ ಕಪ್ಪು ಬೂಟು. ಬೂಟು ದೊಡ್ಡದು. ನಾಲ್ಕು ವರ್ಷಕ್ಕೆ ಆಗುವಂತೆ ಕೊಂಡಿರಬೇಕು. ಅಮ್ಮ ಒಂದೊಂದನ್ನೂ ಹೊರಗೆ ತೆಗೆದು ಮತ್ತೆ ಒಳಗಿಟ್ಟಳು. "ಅಣ್ಣ ಹೇಳಿಬಿಟ್ಟ," ಎಂದಳು. ಆರು ವಾರದ ಮೇಲೆ ಅವತ್ತು ನನ್ನನ್ನು ಹೆಸರು ಹಿಡಿದು ಕರೆದಳು.

ಆದರೆ ಅಷ್ಟರಲ್ಲಿ ಅಕ್ಟೋಬರ್ ಮುಗಿದಿತ್ತು. ಕಚಾಲೆ ಮೇಷ್ಟ್ರು ಸೈಕಲ್ಲಿನಲ್ಲಿ ಬೆಟ್ಟದಾಚೆ ಹೋಗಿ ವಿಚಾರಿಸಿಕೊಂಡು ಬಂದರು. ಹಾಸಿಗೆ ಇನ್ನೂ ಖಾಲಿ ಇದೆ, ಸೋಮವಾರ ಮನೆಯವರೇ ಬಂದು ಕೇಳಿದರೆ ಕೊಡುತ್ತೇನೆ ಎಂದು ದೊಡ್ಡ ಮೇಡಂ ಹೇಳಿದರಂತೆ. ಮೇಷ್ಟ್ರಿಗೆ ಸೋಮವಾರ ಇನ್ಸ್‌ಪೆಕ್ಟರು ಬರುವುದಿತ್ತು. "ನೀವೇ ಹೋಗಿ ಬನ್ನಿ ಫಲೇಸಿಯಮ್ಮ, ಬಾಯಿ ಬಿಟ್ಟು ಒಂದು ಮಾತು ಕೇಳಿದ್ರೆ ಆಯ್ತು," ಎಂದರು. ಅಮ್ಮ ತಲೆಯಾಡಿಸಿದಳು.

ಕತ್ತಲಿರುವಾಗಲೇ ಹೊರಟೆವು. ಅಪ್ಪ ಹೊಳೆಯವರೆಗೆ ಬಂದು ಅಲ್ಲೇ ನಿಂತರು. ಪೆಟ್ಟಿಗೆಯನ್ನು ಅಮ್ಮ ನನಗೆ ಹೊರಲು ಕೊಡಲಿಲ್ಲ, ದಾರಿಯುದ್ದಕ್ಕೂ ತಾನೇ ತಲೆಯ ಮೇಲೆ ಹೊತ್ತಳು. ಬೆಟ್ಟ ಹತ್ತುವಾಗ ಹಾಡಿದಳು ಕೂಡ. "ಅಲ್ಲಿ ದೊಡ್ಡವರ ಮುಂದೆ ನೀನು ಬಾಯಿ ಹಾಕಬೇಡ, ನಾನಿದೀನಿ," ಎಂದಳು. ನಾನು ಆಗಲಿ ಎಂದೆ.

ಶಾಲೆ ಮುಟ್ಟಿದಾಗ ಒಂಬತ್ತು ಗಂಟೆಯ ಗಂಟೆ ಹೊಡೆಯಿತು. ಆಫೀಸಿನ ಬಾಗಿಲ ಎದುರಿಗೆ ಜಗಲಿಯ ಮೇಲೆ ಅಮ್ಮ ಪೆಟ್ಟಿಗೆ ಇಳಿಸಿ, ಅದರ ಪಕ್ಕದಲ್ಲಿ ಬಟ್ಟೆ ಹಾಸಿ, ಕಾಲು ಮಡಿಚಿ ಕೂತಳು. ನಾನು ಹಿಂದೆ ಕೂತೆ. ಮೇಡಂ ಹೊರಗೆ ಬಂದರು. ಅವರು ಪಟ್ಟಣದವರು, ಒಳ್ಳೆಯವರೇ. ನಗುತ್ತಾ ನಮಸ್ಕಾರ ಹೇಳಿದರು.

"ನಾವು ಚೆನ್ನಾಗಿದ್ದೀವಿ, ನೀವು ಹೆಂಗಿದ್ದೀರೋ," ಎಂದಳು ಅಮ್ಮ.

"ನಾನೂ ಚೆನ್ನಾಗಿದ್ದೀನಿ. ಏನಾದ್ರೂ ಬೇಕಿತ್ತೇನಮ್ಮಾ?"

"ಏನಿಲ್ಲ ತಾಯಿ. ಸುಮ್ನೆ ಬಂದ್ವಿ."

ನಮ್ಮೂರಲ್ಲಾಗಿದ್ದರೆ ಯಾರೇ ಆದರೂ ಇದನ್ನು ಕೇಳಿದ ಮೇಲೆ ಕೂತುಕೊಳ್ಳುತ್ತಿದ್ದರು. ನೀರು ಕೊಟ್ಟು, ಮಳೆ ಬೆಳೆ ವಿಚಾರಿಸಿ, ಮತ್ತೆ ಕೇಳುತ್ತಿದ್ದರು. ಮೇಡಂ, ಸರಿ ಸುಧಾರಿಸ್ಕೊಳ್ಳಿ, ಎಂದು ಒಳಗೆ ಹೋದರು. ಯಾವಳೋ ಹುಡುಗಿಯನ್ನು ನೋಡಲು ಬಂದವರು ಎಂದುಕೊಂಡಿರಬೇಕು. ಅಮ್ಮನ ಮುಖದಲ್ಲಿ ಸಮಾಧಾನ ಇತ್ತು. ಅವಳ ಲೆಕ್ಕದಲ್ಲಿ ಮಾತು ಮುಂದಿಟ್ಟಾಗಿತ್ತು, ಪೆಟ್ಟಿಗೆಯೇ ಅಲ್ಲಿ ಕಾಣುತ್ತಿತ್ತಲ್ಲ. ಇನ್ನು ಅವರು ಮತ್ತೆ ಕೇಳಬೇಕು.

ನಾವು ಕೂತೆವು. ಮೇಡಂ ಮೂರು ಸಲ ಬಂದರು, ಮೂರು ಸಲ ಹೋದರು. ಪ್ರತಿ ಸಲವೂ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ನನ್ನ ಬಾಯಲ್ಲಿ ಇಂಗ್ಲಿಷಿನ ವಾಕ್ಯ ಸಿದ್ಧವಾಗಿತ್ತು. ನನ್ನ ಹೆಸರು ಎನಿಫಾ, ಆ ಜಾಗ ನನ್ನದು. ದಾರಿಯುದ್ದಕ್ಕೂ ಉರುಹೊಡೆದಿದ್ದೆ, ಒಂದು ತಪ್ಪೂ ಇರಲಿಲ್ಲ. ಆದರೆ ಎದುರಿಗೆ ಅಮ್ಮನ ಬೆನ್ನಿತ್ತು. ಒಂದು ಸಲ ಅವಳ ಬಾಯಿಯನ್ನು ದಾಟಿ ಮಾತಾಡಿ ಆರು ವಾರ ಅವಳನ್ನು ಕಳೆದುಕೊಂಡಿದ್ದೆ. ಈಗ ಹೇಳುತ್ತೇನೆ, ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದುಕೊಳ್ಳುತ್ತಾ ಕೂತೆ.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ದಪ್ಪನೆಯವಳು, ಬಿಸಿಲಿಗೆ ಬೆವತಿದ್ದಳು, ಹಿಂದೆ ನನ್ನ ವಯಸ್ಸಿನ ಹುಡುಗಿ. ನಮ್ಮ ಪೆಟ್ಟಿಗೆಯನ್ನು ದಾಟಿಕೊಂಡು ಬಾಗಿಲಲ್ಲಿ ನಿಂತು, ಒಳಗೆ ಕೂತಿದ್ದ ಮೇಡಂಗೆ ಕೇಳುವಂತೆ, "ಇಲ್ಲಿ ಒಂದು ಜಾಗ ಖಾಲಿ ಇದೆಯಂತೆ. ನಮ್ಮ ಹುಡುಗಿ ಹೆಸರು ಕಾಯೋ ಪಟ್ಟೀಲಿದೆ. ಕೊಡ್ತೀರಾ?" ಎಂದಳು. ಮೇಡಂ ಗಡಿಯಾರ ನೋಡಿದರು. ಆ ಇನ್ನೊಬ್ಬಳು ಬರಲೇ ಇಲ್ಲವಲ್ಲ ಎಂದು ಗುಮಾಸ್ತನಿಗೆ ಹೇಳಿದರು. ಒಳಗೆ ಬನ್ನಿ ಎಂದರು. ಎಲ್ಲ ಮುಗಿಯಲು ಗಂಜಿ ಕುದಿಯುವಷ್ಟು ಹೊತ್ತೂ ಆಗಲಿಲ್ಲ. ಹುಡುಗಿ ಒಳಗೇ ಉಳಿದಳು, ಹೆಂಗಸು ಹೊರಗೆ ಬಂದು ನಮ್ಮನ್ನು ನೋಡಿ, ಬಿಸಿಲು ಅಲ್ವಾ, ಎಂದು ಹೋದಳು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮಗೆ ಬಾಯಿಯೇ ಬರಲಿಲ್ಲ.

ಅದಾದ ಮೇಲೂ ನಾವು ಕೂತೇ ಇದ್ದೆವು. ಅಮ್ಮನಿಗೆ ಅರ್ಥವಾಗಿತ್ತು, ಆದರೆ ಎದ್ದು ಹೋಗಲು ಅಪ್ಪಣೆ ಕೊಡುವವರು ಯಾರೂ ಇರಲಿಲ್ಲ. ನಾಲ್ಕು ಗಂಟೆಗೆ ಗುಮಾಸ್ತ ಬೀಗ ಹಾಕಿಕೊಂಡು, "ಪೆಟ್ಟಿಗೆ ಮಾರೋಕೆ ತಂದ್ರಾ?" ಎಂದ. ಅಲ್ಲ ಎಂದಳು ಅಮ್ಮ. ಸಿಂಬಿ ಸುತ್ತಿ, ಪೆಟ್ಟಿಗೆ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಈಗ ಪೆಟ್ಟಿಗೆಯಲ್ಲಿ ಬಿತ್ತನೆಯ ಬೀನ್ಸ್ ಇದೆ, ಇಲಿ ಮುಟ್ಟುವುದಿಲ್ಲ. ನಿನ್ನೆ ಮಸೌಟ್ಸೊನ ಅಮ್ಮ ಮೂರನೇ ಸಲ ಸುಮ್ಮನೆ ಬಂದಿದ್ದಳು. ಅಮ್ಮ ನೀರು ಕೊಟ್ಟು ಕೂರಿಸಿದಳು. ಮಾವನಿಗೆ ಏನು ಹೇಳಬೇಕೋ ನಮಗೆ ಗೊತ್ತಾಗುತ್ತಿಲ್ಲ. ನೀವೂ ಹೇಳಬೇಡಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ, ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಹುಡುಕಿ ಸಾಕಾಯಿತು.

ಅವತ್ತು ಬೆಟ್ಟ ಇಳಿಯುವಾಗ ಅಮ್ಮ ಮುಂದೆ, ನಾನು ಹಿಂದೆ. ಹೊಳೆ ಕಾಣುವಾಗ ನಿಂತಳು.

"ಆ ಹೆಂಗಸು ನೋಡಿದ್ಯಾ, ಎಷ್ಟು ಸಲೀಸಾಗಿ ಕೇಳಿದ್ಲು," ಎಂದಳು. "ಓದಿದವಳಿರಬೇಕು. ಓದಿದವರಿಗೆ ಕೇಳೋಕೆ ಬರತ್ತೆ. ಅಲ್ಲಿ ಸೇರಿದ್ರೆ ನಿನಗೂ ಬರ್ತಿತ್ತು."

ಆ ಹೆಂಗಸು ಆಫೀಸಿನಿಂದ ಹೊರಗೆ ಬರುವಾಗ ಹೆಬ್ಬೆರಳಿನ ಮಸಿಯನ್ನು ಬಟ್ಟೆಯ ಅಂಚಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ನೋಡಿದ್ದೆ.

"ಹೌದಮ್ಮ, ಓದಿದವಳೇ ಇರಬೇಕು," ಎಂದೆ.

ಎನಿಫಾ